ಕೆಂಪುಗಲ್ಲಿನ ಅಂಚು, ಕಾರಂಜಾದ ದಂಡೆ

ಬೀದರ್ ಜಿಲ್ಲೆಯ ನಮ್ಮ ಮಂಠಾಳದಲ್ಲಿ ನಿಂತವರಿಗೆ ಕಡಲು ಎರಡೂ ದಿಕ್ಕಿಗೆ ದೂರ. ಪಡುವಣಕ್ಕೆ ನೇರ ಗೆರೆ ಎಳೆದರೂ ಕೊಂಕಣದ ದಂಡೆ ಸುಮಾರು ನಾನೂರು ಕಿ.ಮೀ. ಆಚೆ. ಮೂಡಣದ ಬಂಗಾಳ ಕೊಲ್ಲಿ ಅದಕ್ಕೂ ದೂರ. ನಮ್ಮದೇ ರಾಜ್ಯದ ಕರಾವಳಿ ನೋಡಬೇಕೆಂದರೆ ಉತ್ತರದ ತುದಿಯಿಂದ ಹೊರಟು ಇಡೀ ಬಯಲುಸೀಮೆಯನ್ನೂ ಘಟ್ಟವನ್ನೂ ದಾಟಬೇಕು. ಹಾಗಾಗಿ ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಎಷ್ಟೋ ಮನೆಗಳಲ್ಲಿ ಕಡಲೆಂದರೆ ವರ್ಷಗಟ್ಟಲೆ ಕಾಸು ಕೂಡಿಟ್ಟು ಮಾಡುವ ಗೋವಾ ಪ್ರವಾಸ. ಹೋಗಲು ಒಂದು ರಾತ್ರಿ, ಬರಲು ಒಂದು ರಾತ್ರಿ, ನಡುವೆ ಅರೆನಿದ್ದೆಯ ಒಂದು ಹಗಲು.

ನಾನು ಹೇಳಹೊರಟಿರುವುದು ಬೇರೆ ಮಾತು. ರತ್ನಾಗಿರಿ ಕಡೆಯ ಕಡಲಂಚಿನಲ್ಲಿ ಕಣ್ಣಿಗೆ ಬೀಳುವುದೇನು? ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಬಟ್ಟಬಯಲು, ಅದರ ಅಡಿಗೆ ಕರಿಗಲ್ಲಿನ ಹಾಸು, ಥಟ್ಟನೆ ಕಡಿದು ಬಿದ್ದ ಅಂಚು, ಕೆಳಗೆ ನೀರು. ಈ ನಾಲ್ಕರಲ್ಲಿ ಮೂರು ಬೀದರ್ ಜಿಲ್ಲೆಯಲ್ಲಿ ಯಥಾವತ್ತಾಗಿವೆ. ನಾಲ್ಕನೆಯದು, ಅಂದರೆ ನೀರು, ಅಂಚಿನಿಂದ ತುಸು ದೂರದಲ್ಲಿ ಕಾರಂಜಾ ಜಲಾಶಯದ ರೂಪದಲ್ಲಿ ಹರಡಿಕೊಂಡಿದೆ. ಬೆಳಿಗ್ಗೆ ಕಾರು ಹತ್ತಿದರೆ ರಾತ್ರಿ ಊಟಕ್ಕೆ ಮನೆ ಸೇರುವಷ್ಟು ಹತ್ತಿರದಲ್ಲಿ ಇದೆಲ್ಲ ಇದ್ದೂ ನಾವು ಅದನ್ನು ಬೀದರಿಗೆ ಕೋರ್ಟು, ಕಚೇರಿ, ಆಸ್ಪತ್ರೆ ಎಂದು ಓಡಾಡುವ ದಾರಿಯಾಗಿ ಮಾತ್ರ ಕಂಡಿದ್ದೇವೆ.

ಈ ಹೋಲಿಕೆ ಬಾಯಿಮಾತಿನದಲ್ಲ, ಕಲ್ಲಿನದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿದ ಲಾವಾ ಪದರ ಪದರವಾಗಿ ದಖನ್ನಿನ ಮೇಲೆ ಹರಿದು ತಣ್ಣಗಾಯಿತು. ಮಂಠಾಳದಲ್ಲಿ ಬಾವಿ ತೋಡುವಾಗ ಸಿಗುವ ಕರಿಗಲ್ಲು, ಸಹ್ಯಾದ್ರಿಯ ಮೆಟ್ಟಿಲುಮೆಟ್ಟಿಲಾದ ಬೆಟ್ಟಗಳು, ಕೊಂಕಣದಲ್ಲಿ ಅಲೆ ಬಡಿಯುವ ಬಂಡೆಗಳು ಎಲ್ಲವೂ ಆ ಒಂದೇ ಹಾಸಿನವು. ಆಮೇಲೆ ಬಿಸಿಲು ಮಳೆಗಳು ಕಾಲಾಂತರದಲ್ಲಿ ಕರಿಗಲ್ಲಿನ ಮೇಲ್ಮೈಯನ್ನು ಕೊಳೆಯಿಸಿ, ಕರಗುವುದೆಲ್ಲ ಕರಗಿ ಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿದು ಕೆಂಪುಗಲ್ಲಾಯಿತು. ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ನಂತರ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸುತ್ತಿ 1807ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಮಲಬಾರಿನ ಅಂಗಾಡಿಪುರಂನಲ್ಲಿ ಕಂಡ ಕಲ್ಲಿಗೆ ಆತ ಹೆಸರಿಟ್ಟ. ಮುಂದೆ 1840ರ ದಶಕದಲ್ಲಿ ಸೇನಾಧಿಕಾರಿ ನ್ಯೂಬೋಲ್ಡ್ ಬೀದರಿನ ಕೆಂಪುಗಲ್ಲನ್ನು ವಿವರವಾಗಿ ವರ್ಣಿಸಿದ. ಕರಾವಳಿಯ ಕಲ್ಲೂ ಕಡಲಿನಿಂದ ದೂರವಿರುವ ನಮ್ಮ ಕಲ್ಲೂ ಹೀಗೆ ಒಂದೇ ಶಾಸ್ತ್ರದ ಪುಟ ಸೇರಿದವು.

ಹೊರಡಲು ಒಳ್ಳೆಯ ಕಾಲವೆಂದರೆ ಮಳೆ ಹಿಂದೆಗೆದ ಮೇಲೆ, ಅಶ್ವಿನದಿಂದ ಎಳ್ಳ ಅಮಾವಾಸ್ಯೆವರೆಗೆ. ಆಗ ತೊಗರಿ ಆಳೆತ್ತರ ನಿಂತಿರುತ್ತದೆ, ಜೋಳ ಚಿಗುರಿರುತ್ತದೆ, ಜಲಾಶಯ ತುಂಬಿರುತ್ತದೆ, ಬಿಸಿಲು ಕಾಡುವುದಿಲ್ಲ. ನಾವು ಹೊರಟದ್ದೂ ಅಂಥದೇ ಒಂದು ಭಾನುವಾರ. ಜೊತೆಗೆ ಅವ್ವ, ಅಣ್ಣ, ವೈನಿ, ಮತ್ತೆ ಕಡಲು ಯಾವಾಗ ತೋರಿಸುತ್ತೀ ಎಂದು ನನ್ನನ್ನು ಬಿಡದೆ ಕೇಳುತ್ತಿದ್ದ ಅಣ್ಣನ ಮಗಳು. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಮೊಸರು. ಜಲಾಶಯದ ದಂಡೆಯಲ್ಲಿ ಹೋಟೆಲು ಸಿಗುವುದಿಲ್ಲ. ಬುತ್ತಿ ಕಟ್ಟಿಕೊಂಡೇ ಹೋಗಬೇಕು, ಕುಡಿಯುವ ನೀರನ್ನೂ.

ಮಂಠಾಳದಿಂದ ಸಸ್ತಾಪುರ ಬಂಗ್ಲಾಕ್ಕೆ ಬಂದು ಹೆದ್ದಾರಿ ಹಿಡಿದೆವು. ರಾಷ್ಟ್ರೀಯ ಹೆದ್ದಾರಿ 65 ಇದು. ಪುಣೆಯಲ್ಲಿ ಶುರುವಾಗಿ ಸೊಲ್ಲಾಪುರ, ಹುಮನಾಬಾದ್, ಹೈದರಾಬಾದ್, ವಿಜಯವಾಡ ಹಾಯ್ದು ಮಚಲಿಪಟ್ಟಣದಲ್ಲಿ ಬಂಗಾಳ ಕೊಲ್ಲಿಯ ದಂಡೆ ಮುಟ್ಟುತ್ತದೆ. ಬಂಗ್ಲಾದಲ್ಲಿ ಚಹಾ ಕುಡಿದು ಮೂಡಣಕ್ಕೆ ಹೊರಡುವ ಲಾರಿಯವನು ಈ ರಸ್ತೆ ಬಿಡದೆಯೇ ಸಮುದ್ರಕ್ಕೆ ಹೋಗಬಹುದು. ನಮ್ಮ ಊರುಗಳ ನಡುವೆ ಹಾದುಹೋಗುವ ಡಾಂಬರಿನ ಒಂದು ತುದಿ ಉಪ್ಪುನೀರಿನಲ್ಲಿದೆ ಎಂಬುದನ್ನು ಮಕ್ಕಳಿಗೆ ನಕಾಶೆಯಲ್ಲಿ ತೋರಿಸಿ. ಅವರ ಕಣ್ಣು ಅರಳುತ್ತದೆ.

ರಸ್ತೆಗಿಂತ ಮೊದಲೇ ನೀರು ಆ ದಾರಿ ಕಂಡುಕೊಂಡಿತ್ತು. ಬಸವಕಲ್ಯಾಣ ತಾಲ್ಲೂಕಿನಲ್ಲಿ ಹುಟ್ಟುವ ಮುಲ್ಲಾಮಾರಿ ತೆಂಕಣಕ್ಕೆ ಇಳಿದು ಚಿಂಚೋಳಿ ಹಾಯ್ದು ಕಾಗಿಣಾ ಸೇರುತ್ತದೆ. ಕಾಗಿಣಾ ಭೀಮೆಗೆ, ಭೀಮೆ ಕೃಷ್ಣೆಗೆ. ಅದೇ ಜಿಲ್ಲೆಯ ಉತ್ತರಕ್ಕೆ ಬಿದ್ದ ಮಳೆ ಕಾರಂಜಾ ಸೇರಿ ಮಾಂಜ್ರಾಕ್ಕೆ, ಮಾಂಜ್ರಾದಿಂದ ಗೋದಾವರಿಗೆ. ಅಂದರೆ ಹುಮನಾಬಾದಿನ ಆಸುಪಾಸಿನ ಈ ಎತ್ತರದ ಬಯಲು ಕೃಷ್ಣೆಗೂ ಗೋದಾವರಿಗೂ ನಡುವಿನ ದಿಣ್ಣೆ. ಕಾರಿನಲ್ಲಿ ಕುಳಿತವರಿಗೆ ಏರು ಗೊತ್ತಾಗುವುದೇ ಇಲ್ಲ, ಅಷ್ಟು ನಯ. ಆದರೂ ಈ ದಿಣ್ಣೆಯ ಒಂದು ಮಗ್ಗುಲಿನ ಹನಿ ಹಂಸಲದೀವಿಯಲ್ಲಿ, ಇನ್ನೊಂದು ಮಗ್ಗುಲಿನದು ಅಂತರ್ವೇದಿಯ ಕಡೆ ಕಡಲು ಕಾಣುತ್ತದೆ. ಮಳೆಗಾಲದಲ್ಲಿ ಹೊಲದ ಒಡ್ಡು ಒಡೆದು ನೀರು ಹರಿಯುವುದನ್ನು ನೋಡಿದಾಗಲೆಲ್ಲ ಇದು ಯಾವ ಹೊಳೆಯ ಪಾಲು ಎಂದು ನನ್ನ ಮನಸ್ಸು ಲೆಕ್ಕ ಹಾಕುತ್ತದೆ.

ಬಸವಕಲ್ಯಾಣವನ್ನು ಈ ಸಲ ಹೊರಗಿನಿಂದಲೇ ನಮಿಸಿ ಮುಂದೆ ಹೋದೆವು. ಆ ಊರಿಗೆ ಒಂದು ಇಡೀ ದಿನ ಬೇರೆಯೇ ಬೇಕು: ಕೋಟೆ, ತ್ರಿಪುರಾಂತಕ ಕೆರೆ, ಅಕ್ಕ ನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ, ನಾರಾಯಣಪುರದ ಗುಡಿ. ಒಂದು ಮಾತನ್ನಂತೂ ಇಲ್ಲಿ ಹೇಳಲೇಬೇಕು. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಕೂಡಿದ ಶರಣರ ಸಾಲಿನಲ್ಲಿ ಅಂಬಿಗರ ಚೌಡಯ್ಯನಿದ್ದಾನೆ, ತುಂಗಭದ್ರೆಯ ದಡದ ದೋಣಿಕಾರ. ಹೊಳೆ ದಾಟಿಸುವ ಕಸುಬಿನ ಮಾತು ದೋಣಿಯೇ ಕಾಣದ ಈ ಬಯಲಿನ ನಾಲಗೆಗೂ ಬಂದದ್ದು ಅಂಥವರಿಂದ.

ರಾಜೇಶ್ವರ ದಾಟಿ ಹುಮನಾಬಾದ್. ವೀರಭದ್ರೇಶ್ವರನ ಗುಡಿಗೂ ಮಾಣಿಕಪ್ರಭುಗಳ ಮಾಣಿಕನಗರಕ್ಕೂ ಅವ್ವ ಕೈಮುಗಿದಳು. ವಿರಜಾ, ಗುರುಗಂಗಾ ಎಂಬ ಎರಡು ಹಳ್ಳಗಳು ಕೂಡುವಲ್ಲಿ ಮಾಣಿಕನಗರವಿದೆ. ನಮ್ಮಲ್ಲಿ ಪುಣ್ಯದ ಜಾಗ ಹುಡುಕಬೇಕೆಂದರೆ ನೀರು ಕೂಡುವಲ್ಲಿಗೆ ಅಥವಾ ನೀರು ಹುಟ್ಟುವಲ್ಲಿಗೆ ಹೋದರೆ ಸಾಕು.

ಹುಮನಾಬಾದಿನಿಂದ ಜಲಸಂಗ್ವಿ ದೂರವಿಲ್ಲ, ಹತ್ತು ಕಿ.ಮೀ. ಆಸುಪಾಸು. ಕಲ್ಮೇಶ್ವರ ಗುಡಿಯ ಹೊರಗೋಡೆಯ ಸುತ್ತ ಮದನಿಕೆಯರು ನಿಂತಿದ್ದಾರೆ. ಬೇಲೂರಿನ ಮದನಿಕೆಯರಿಗಿಂತ ಮೊದಲೇ ಇಲ್ಲಿ ಕಲ್ಲು ಹೀಗೆ ಬಳುಕಿತ್ತು ಎಂಬುದನ್ನು ನಮ್ಮ ಶಾಲಾಮಕ್ಕಳು ತಿಳಿಯಬೇಕು. ಅವರಲ್ಲಿ ಒಬ್ಬಳು ಬೆನ್ನು ತಿರುಗಿಸಿ ನಿಂತು ಶಾಸನ ಬರೆಯುತ್ತಿದ್ದಾಳೆ. ಕಲ್ಯಾಣದಿಂದ ಆಳಿದ, 1076ರಲ್ಲಿ ಪಟ್ಟವೇರಿ ತನ್ನದೇ ಶಕೆ ಆರಂಭಿಸಿದ ಆರನೆಯ ವಿಕ್ರಮಾದಿತ್ಯನನ್ನು ಏಳು ದ್ವೀಪಗಳ ಭೂಮಿಗೆ ಒಡೆಯನಾಗುವವನೆಂದು ಹೊಗಳುವ ಸಾಲು ಅದು. ಕಡಲಿನಿಂದ ಇಷ್ಟು ದೂರದ ಹಳ್ಳಿಯ ಗುಡಿಯಲ್ಲಿ ಹೆಣ್ಣೊಬ್ಬಳ ಬೆರಳ ತುದಿಗೆ ದ್ವೀಪಗಳ ಮಾತು. ಅಣ್ಣನ ಮಗಳು ಅವಳ ಬೆರಳನ್ನೇ ದಿಟ್ಟಿಸುತ್ತ ಬಹಳ ಹೊತ್ತು ನಿಂತಳು. ಅಕ್ಷರ ಬಲ್ಲ ಹೆಣ್ಣನ್ನು ದೇವರ ಗುಡಿಯ ಗೋಡೆಗೆ ತಂದ ಆ ಶಿಲ್ಪಿಯ ಋಣ ನಮ್ಮ ಮೇಲಿದೆ.

ಹಳ್ಳಿಖೇಡದಿಂದ ಮುಂದೆ ಹಿನ್ನೀರಿನ ಹಳ್ಳಿಗಳಿಗೆ ಇಳಿಯುವ ದಾರಿ ಕಿರಿದು, ಅಲ್ಲಲ್ಲಿ ಮುರಂ ಹಾಸಿದ್ದು. ಕಾರು ನಿಧಾನ ಹೋಗಲಿ. ತೊಗರಿ ಹೊಲದ ನಡುವೆ ಒಂದು ತಿರುವು ಕಳೆದದ್ದೇ ಕಾರಂಜಾ ಕಣ್ಣಿಗೆ ಬೀಳುತ್ತದೆ. ಮೊದಲ ಸಲ ನೋಡುವವರಿಗೆ ಇದು ನಮ್ಮ ಜಿಲ್ಲೆಯೇ ಎಂದು ನಂಬಲು ಕಷ್ಟ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಾ ನದಿಗೆ ಕಟ್ಟಿದ ಅಣೆಕಟ್ಟು 7.69 ಟಿ.ಎಂ.ಸಿ. ಅಡಿ ನೀರು ಹಿಡಿಯುತ್ತದೆ. ತುಂಬಿದ ವರ್ಷ ನೀರು ಹಳ್ಳಕೊಳ್ಳಗಳ ಒಳಗೆಲ್ಲ ನುಗ್ಗಿ ದಂಡೆಯನ್ನು ಚೂರುಚೂರು ಮಾಡುತ್ತದೆ: ಇಲ್ಲಿ ನೀರಿಗೆ ಚಾಚಿದ ನೆಲದ ಮೂಗು, ಅಲ್ಲಿ ಒಳಗೆ ಸರಿದ ಕೊಲ್ಲಿ, ಮಧ್ಯೆ ನಡುಗಡ್ಡೆಯಾದ ದಿಣ್ಣೆ. ಗಾಳಿ ಎದ್ದರೆ ಅಲೆಯೂ ಏಳುತ್ತದೆ. ಕರಿಗಲ್ಲಿನ ಗುಂಡುಗಳಿಗೆ ನೀರು ಬಡಿಯುವ ಸಪ್ಪಳ ಕೇಳುತ್ತ ಕುಳಿತರೆ ಹೊತ್ತು ಹೋದದ್ದು ತಿಳಿಯದು.

“ಕಾಕಾ, ಆ ಕಡಿ ದಂಡಿ ಕಾಣವಲ್ದಲ್ಲ!” ಎಂದಳು ಹುಡುಗಿ. ಬೆಳಗಿನ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ, ನಿಜಕ್ಕೂ ಆಚೆ ದಂಡೆ ಮಸುಕಾಗಿತ್ತು. ನಾನು ಅವಳನ್ನು ತಿದ್ದಲಿಲ್ಲ.

ನೀರಿನ ಈ ಅಂಚನ್ನು ನಂಬಿ ಎಷ್ಟು ಬದುಕು ನಡೆದಿದೆ ನೋಡಿ. ತೆಪ್ಪದ ಮೇಲೆ ಹೋಗಿ ಬಲೆ ಎಳೆಯುವವರು ರೋಹು, ಕಾಟ್ಲಾ ತರುತ್ತಾರೆ. ಬೆಳ್ಳಕ್ಕಿ, ನೀರುಕಾಗೆಗಳು ಸದಾ ಇವೆ. ಚಳಿಗಾಲಕ್ಕೆ ದೂರದ ಬಾತುಗಳು ಬಂದಿಳಿಯುತ್ತವೆ. ಬೇಸಿಗೆಗೆ ನೀರು ಹಿಂದೆ ಸರಿದಂತೆ ಹೊರಬಿದ್ದ ಕಪ್ಪು ಮಣ್ಣಿನ ತೇವ ನೋಡಿ ಕೆಲವರು ಬಿತ್ತುತ್ತಾರೆ. ಕುರಿಗಾಹಿಗಳಿಗೆ ಇದೇ ಹಸಿರಿನ ಕೊನೆಯ ಆಸರೆ. ಕಡಲ ದಂಡೆ ದಿನಕ್ಕೆ ಎರಡು ಸಲ ಹಿಂದೆ ಮುಂದೆ ಸರಿದರೆ, ಈ ದಂಡೆ ವರ್ಷಕ್ಕೆ ಒಂದು ಸಲ ಸರಿಯುತ್ತದೆ, ಸರಿದಾಗ ಕಿಲೋಮೀಟರುಗಟ್ಟಲೆ.

ಆದರೆ ಕಾರಂಜಾದ ದಂಡೆಯಲ್ಲಿ ನಿಂತು ಚೆಲುವನ್ನಷ್ಟೇ ಹೇಳಿ ಹೊರಟುಹೋಗಲು ನನ್ನಿಂದಾಗದು. ನಾವು ಬುತ್ತಿ ಬಿಚ್ಚಿದ ಜಾಗದ ಹತ್ತಿರ ಎಮ್ಮೆ ಮೇಯಿಸುತ್ತಿದ್ದ ಹಿರಿಯರೊಬ್ಬರನ್ನು ಅವ್ವ ಕರೆದು ರೊಟ್ಟಿ ಕೊಟ್ಟಳು. ಅವರು ನೀರಿನ ನಡುವಿನ ಕಡೆಗೆ ಕೈ ತೋರಿಸಿ, “ನಮ್ಮ ಹೊಲ ಅಲ್ಲಿ ಅದ ನೋಡ್ರಿ ಅವ್ವಾರ, ನೀರಿನ್ಯಾಗ” ಎಂದರು. ಇತ್ತು ಎನ್ನಲಿಲ್ಲ, ಅದ ಎಂದರು. ಈ ಜಲಾಶಯಕ್ಕಾಗಿ ಹೊಲ, ಮನೆ, ಊರು ಬಿಟ್ಟವರು ನ್ಯಾಯವಾದ ಪರಿಹಾರಕ್ಕೆಂದು ದಶಕಗಳಿಂದ ಹೋರಾಡುತ್ತಿದ್ದಾರೆ. ಒಂದು ತಲೆಮಾರು ಕೇಳಿ ಕೇಳಿ ಹೋಯಿತು, ಮಕ್ಕಳ ತಲೆಮಾರು ಕೇಳುತ್ತಿದೆ. ಬೀದರಿನ ನಲ್ಲಿಗೆ ಬರುವ ನೀರು, ಕಾಲುವೆಗೆ ಹರಿಯುವ ನೀರು, ನಾವು ಭಾನುವಾರ ನೋಡಲು ಬರುವ ಈ ನೀಲಿ, ಎಲ್ಲಕ್ಕೂ ಅವರು ತೆತ್ತ ಬೆಲೆ ಇದೆ. ದಂಡೆಗೆ ಹೋಗುವವರು ಹಳ್ಳಿಯವರ ಜೊತೆ ಹತ್ತು ನಿಮಿಷ ಕೂತು ಮಾತಾಡಿ ಬನ್ನಿ. ಆ ದಂಡೆ ಹೇಗಾಯಿತೆಂಬುದನ್ನು ಅವರಿಗಿಂತ ಚೆನ್ನಾಗಿ ಹೇಳುವವರಿಲ್ಲ.

ಇನ್ನೊಂದು ಮಾತು. ನೀರಿಗಿಳಿಯಬೇಡಿ. ಕಡಲ ತೀರದಂತೆ ಇಲ್ಲಿ ಮರಳಿನ ಇಳಿಜಾರು ಇಲ್ಲ. ಮುಳುಗಿದ ಹಳೆಯ ಬಾವಿ, ಹಳ್ಳದ ಕಡಿದಾದ ಅಂಚು, ಜಾರುವ ಕಪ್ಪು ಕೆಸರು ಮೇಲಿನಿಂದ ಕಾಣುವುದಿಲ್ಲ.

ಮಧ್ಯಾಹ್ನ ಬೀದರಿನ ಕಡೆ ತಿರುಗಿದೆವು. ಹುಮನಾಬಾದಿನಿಂದ ಬೀದರಿಗೆ ಒಟ್ಟು ಸುಮಾರು 50 ಕಿ.ಮೀ. ದಾರಿ. ಕಪ್ಪು ಮಣ್ಣು ಒಂದು ಕಡೆ ಮುಗಿದು ಕೆಂಪು ಮಣ್ಣು ಶುರುವಾಗುವ ಜಾಗವನ್ನು ಕಿಟಕಿಯಿಂದಲೇ ಗುರುತಿಸಬಹುದು. ಅಲ್ಲಿಂದ ನೀವು ಏರಿದ್ದು ಕೆಂಪುಗಲ್ಲಿನ ಪೀಠದ ಮೇಲೆ. ಅದರ ಅಂಚಿನಲ್ಲೇ ಬೀದರ್ ಕೋಟೆ. 15ನೇ ಶತಮಾನದಲ್ಲಿ ಬಹಮನಿ ಅಹ್ಮದ್ ಶಾ ಕಲಬುರಗಿ ಬಿಟ್ಟು ರಾಜಧಾನಿಯನ್ನು ಇಲ್ಲಿಗೆ ತಂದ. ಕಡಿದಾದ ಅಂಚು ಇದ್ದ ಕಡೆ ನೆಲವೇ ಕಾವಲು, ಬಯಲಿದ್ದ ಕಡೆ ಕೆಂಪುಗಲ್ಲನ್ನೇ ಕೊರೆದು ಮೂರು ಸಾಲಿನ ಕಂದಕ. ನೆಲದಿಂದ ತೆಗೆದ ಕೆಂಪುಗಲ್ಲು ಮೇಲಕ್ಕೆದ್ದು ಗೋಡೆಯೂ ಆಯಿತು.

ಆ ಗೋಡೆಗಳ ಒಳಗೆ ಕಡಲು ಒಮ್ಮೆ ತೀರ ಹತ್ತಿರ ಬಂದಿತ್ತು. ಗೀಲಾನಿನ ವರ್ತಕ ಮಹಮೂದ್ ಗವಾನ್ 1453ರಲ್ಲಿ ಹಡಗಿನಿಂದ ಕೊಂಕಣದ ದಾಭೋಳದಲ್ಲಿ ಇಳಿದು ಬೀದರಿಗೆ ಬಂದ, ಮುಂದೆ ಬಹಮನಿಗಳ ಪ್ರಧಾನಿಯಾದ. ಗೋವಾ ಬಂದರು ಬಹಮನಿಗಳ ಕೈಗೆ ಬಂದದ್ದು 1472ರಲ್ಲಿ, ಅವನ ಮುಂದಾಳತ್ವದಲ್ಲಿ. ಅದೇ ವರ್ಷ ಅವನು ಕಟ್ಟಿಸಿದ ಮದರಸಾ ಇಂದಿಗೂ ಬೀದರಿನ ನಡುಪೇಟೆಯಲ್ಲಿದೆ. ಅದೇ ಕಾಲದಲ್ಲಿ ರಷ್ಯದ ಅಫನಾಸಿ ನಿಕಿತಿನ್ ಒಂದು ಕುದುರೆಯನ್ನು ಹಡಗಿನಲ್ಲಿ ತಂದು ಚೌಲ್ ಬಂದರಿನಲ್ಲಿ ಇಳಿಸಿ, ಜುನ್ನರ್ ಹಾಯ್ದು ಬೀದರಿಗೆ ಬಂದು ಮಾರಿದ. ಅವನ ಪ್ರವಾಸದ ಕಥನಕ್ಕೆ ‘ಮೂರು ಕಡಲುಗಳಾಚೆಯ ಪಯಣ’ ಎಂಬ ಅರ್ಥದ ಹೆಸರು. ಅದರಲ್ಲಿ ಆಳಂದದ ಜಾತ್ರೆ ಬರುತ್ತದೆ, ಅಲ್ಲಿಗೆ ಬರುವ ಕುದುರೆಗಳು ಬರುತ್ತವೆ. ಆಳಂದ ನಮ್ಮ ಮಂಠಾಳದ ಮಗ್ಗುಲಿನ ತಾಲ್ಲೂಕು. ಮೂರು ಕಡಲು ದಾಟಿ ಬಂದವನೊಬ್ಬ ನಮ್ಮ ಸೀಮೆಯ ಸಂತೆಯನ್ನು ಐದೂವರೆ ಶತಮಾನಗಳ ಹಿಂದೆ ಬರೆದಿಟ್ಟ ಎಂಬುದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಬೀದರಿನ ಅಂಚನ್ನು ನೋಡಬೇಕಾದುದು ಅಲ್ಲಿ ಹೊಮ್ಮುವ ನೀರಿನ ಮೂಲಕ. ಕೆಂಪುಗಲ್ಲು ಜರಡಿಯಂತೆ ತೂತುತೂತು. ಪೀಠದ ಮೇಲೆ ಬಿದ್ದ ಮಳೆ ಸದ್ದಿಲ್ಲದೆ ಒಳಗಿಳಿಯುತ್ತದೆ, ತಳದ ಜೇಡಿಯ ಪದರವನ್ನೂ ಕರಿಗಲ್ಲನ್ನೂ ತಾಕಿ ಮುಂದೆ ಇಳಿಯಲಾರದೆ ಪಕ್ಕಕ್ಕೆ ಸರಿಯುತ್ತದೆ, ನೆಲ ಕಡಿದುಬಿದ್ದ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಪಾಪನಾಶದ ತೊರೆ ಹೀಗೆ. ಗುರು ನಾನಕರ ನೆನಪಿನ ನಾನಕ್ ಝೀರಾ ಹೀಗೆ. ನರಸಿಂಹ ಝರಣಿಯಲ್ಲಂತೂ ಕಲ್ಲೊಳಗಿನ ಸುಮಾರು 300 ಮೀಟರ್ ಉದ್ದದ ಸುರಂಗದಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದೇವರನ್ನು ಕಾಣಬೇಕು. ಬೇರೆ ಬೇರೆ ಮತದವರೂ ಇದೇ ಅಂಚಿನ ನೀರನ್ನು ಹುಡುಕಿ ಬಂದರು. ಬಹಮನಿಗಳ ಕಾಲದ ಕುಶಲಕರ್ಮಿಗಳು ಈ ಗುಟ್ಟನ್ನು ಇನ್ನೂ ಮುಂದಕ್ಕೆ ಒಯ್ದರು. ನೌಬಾದಿನ ಕರೇಜ್ ಎರಡು ಕಿ.ಮೀ.ಗೂ ಉದ್ದದ ನೆಲದಡಿಯ ಕಾಲುವೆ. ನೆಲದ ಮೇಲಿನಿಂದ ಬಾವಿಯಂಥ ಕಿಂಡಿಗಳನ್ನು ಇಳಿಸಿ, ಅಡಿಯಲ್ಲಿ ಸುರಂಗ ಕೊರೆದು, ನೀರು ತಾನಾಗಿ ಇಳಿಜಾರಿಗೆ ಹರಿದು ಬರುವಂತೆ ಪರ್ಷಿಯಾದ ಪದ್ಧತಿಯಲ್ಲಿ ಮಾಡಿದ್ದು. ಎತ್ತೂ ಬೇಡ, ಏತವೂ ಬೇಡ. ವಿಶ್ವ ಸ್ಮಾರಕ ನಿಧಿ ದಖನ್ನಿನ ಹಳೆಯ ನೀರಿನ ವ್ಯವಸ್ಥೆಗಳನ್ನು ತನ್ನ 2020ರ ಕಾಳಜಿಯ ಪಟ್ಟಿಗೆ ಸೇರಿಸಿತು.

ಪಟ್ಟಿಗೆ ಸೇರಿದ್ದರಿಂದ ಝರಿ ಉಳಿಯುವುದಿಲ್ಲ, ಪೀಠದ ಮೇಲಿನ ಬಯಲು ಬಯಲಾಗಿ ಉಳಿದರೆ ಮಾತ್ರ ಉಳಿಯುತ್ತದೆ. ಮೇಲೆ ಲೇಔಟು, ಸಿಮೆಂಟು, ಡಾಂಬರು ಹಾಸಿದಷ್ಟೂ ಮಳೆ ಒಳಗಿಳಿಯದೆ ಚರಂಡಿಗೆ ಹೋಗುತ್ತದೆ. ಅಂಚಿನ ಕೆಂಪುಗಲ್ಲನ್ನು ಇಟ್ಟಿಗೆಗೂ ರಸ್ತೆಯ ಮುರಂಗೂ ಕೊಯ್ದಷ್ಟೂ ಜರಡಿಯೇ ಹೋಗುತ್ತದೆ. ಕೊಂಕಣದಲ್ಲಿ ಕಡಲ ಬಂಡೆಗೆ ಕೈ ಹಾಕಿದರೆ ಸುದ್ದಿಯಾಗುತ್ತದೆ. ನಮ್ಮ ಅಂಚನ್ನು ಕಿತ್ತರೆ ಅದು ಲೋಡಿನ ಲೆಕ್ಕ ಮಾತ್ರ. ಇದು ಬದಲಾಗಬೇಕೆಂಬುದೇ ಈ ಲೇಖನ ಬರೆಯಲು ನನಗಿರುವ ದೊಡ್ಡ ಕಾರಣ. ಜನ ಹೋಗಿ ನೋಡಿದ, ಮಕ್ಕಳು ಹತ್ತಿ ಇಳಿದ ಜಾಗಕ್ಕೆ ಜೆಸಿಬಿ ಅಷ್ಟು ಸಲೀಸಾಗಿ ಬರುವುದಿಲ್ಲ.

ಸಂಜೆ ಅಷ್ಟೂರಿಗೆ ಇಳಿದೆವು. ಊರು ಮೇಲೆ, ಬಹಮನಿ ಸುಲ್ತಾನರ ಗೋರಿಗಳು ಪೀಠದ ಕೆಳಗಿನ ಬಯಲಲ್ಲಿ. ಅಹ್ಮದ್ ಶಾ ವಲಿಯ ಗೋರಿಯ ಜಾತ್ರೆಗೆ ಪ್ರತಿ ವರ್ಷ ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ಬಂದು ಪೂಜೆ ನಡೆಸುತ್ತಾರೆ. ನಮ್ಮ ಕಡೆಯವರು ಈ ಅಂಚನ್ನು ತಲೆಮಾರುಗಳಿಂದ ಬಲ್ಲರು ಎನ್ನಲು ಬೇರೆ ಸಾಕ್ಷಿ ಬೇಡ. ಅಲ್ಲಿಂದ ತಿರುಗಿ ನೋಡಿದರೆ ಕೆಂಪುಗಲ್ಲಿನ ಪೀಠ ಪಡುವಣದ ಬೆಳಕಿಗೆ ಅಡ್ಡ ನಿಂತು ಗೆರೆ ಕೊರೆದಂತೆ ಕಾಣುತ್ತದೆ. ದೋಣಿಯಿಂದ ದಡವನ್ನು ನೋಡುವಾಗ ನೆಲ ಹೇಗೆ ಎದ್ದು ನಿಲ್ಲುತ್ತದೋ ಹಾಗೆ.

ಹೆದ್ದಾರಿ ಹಿಡಿದು ಮಂಠಾಳ ಸೇರಿದಾಗ ಊರಿನ ಅಂಗಡಿಗಳು ಇನ್ನೂ ತೆರೆದಿದ್ದವು. ಇನ್ನೊಂದು ಭಾನುವಾರ ಇರುವವರು ತೆಂಕಣಕ್ಕೆ ತಿರುಗಬಹುದು. ಮುಲ್ಲಾಮಾರಿ ಹೋದ ದಿಕ್ಕಿನಲ್ಲೇ ಚಿಂಚೋಳಿಯಿದೆ. ಅಲ್ಲಿ 2011ರಲ್ಲಿ ಘೋಷಣೆಯಾದ 134.88 ಚದರ ಕಿ.ಮೀ. ವನ್ಯಜೀವಿ ಧಾಮವಿದೆ, ಗುಡ್ಡಗಳ ನಡುವೆ ಚಂದ್ರಂಪಳ್ಳಿ ಜಲಾಶಯವಿದೆ, ಮಳೆಗಾಲದಲ್ಲಿ ಎತ್ತಿಪೋತದ ಜಲಪಾತ ಧುಮುಕುತ್ತದೆ. ಕಾರಂಜಾದ ದಂಡೆ ಬಯಲಿನದಾದರೆ ಚಂದ್ರಂಪಳ್ಳಿಯದು ಕಾಡಿನದು. ಬೆಳಿಗ್ಗೆ ಬೇಗ ಹೊರಡಿ. ಹುಮನಾಬಾದಿನ ಮೇಲೆ ಹೋಗುವುದಾದರೆ ಬುತ್ತಿಗೆ ಸೇರಿಸಲು ಅಲ್ಲಿಯೇ ಬಿಸಿ ಸೂಸಲಾ, ಮಿರ್ಚಿ ಭಜಿ ಕಟ್ಟಿಸಿಕೊಳ್ಳಬಹುದು.